ಮಣೆಯಿಂದ ಮನೆಗೆ: ಚದುರಂಗದ ಪ್ರಶ್ನೋತ್ತರ

ಚದುರಂಗ ಆಡುವುದರಿಂದ ಉಳಿದ ದಿನಚರಿಗೆ ಏನಾಗುತ್ತದೆ ಎಂಬುದರ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಮುಂಬಯಿ, ಠಾಣೆ ಕಡೆಯಿಂದ ಹೆಚ್ಚು ಬಂದಿವೆ. ಪುಣೆ, ಗೋವಾದಿಂದ ಕೆಲವು. ಹೆಸರು ಹಾಕಬೇಡಿ ಎಂದವರೇ ಜಾಸ್ತಿ ಇದ್ದುದರಿಂದ ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಕೆಲವರ 'ಮಂತ್ರಿ' ಇನ್ನು ಕೆಲವರಿಗೆ 'ವಜೀರ'. ಇಲ್ಲಿ ಮಂತ್ರಿ ಎಂದೇ ಬರೆದಿದ್ದೇವೆ, ವಜೀರನ ಕಡೆಯವರು ಸಹಿಸಿಕೊಳ್ಳಬೇಕು.

ಮಗಳಿಗೆ ಒಂಬತ್ತು ವರ್ಷ. ಚೆಸ್ ಕ್ಲಾಸಿಗೆ ಸೇರಿಸಿದರೆ ಗಣಿತ ಸುಧಾರಿಸುತ್ತದೆ ಎಂದು ಕ್ಲಾಸಿನವರು ಹೇಳುತ್ತಾರೆ. ನಿಜವೇ? – ಡೊಂಬಿವಲಿ

ತಾನಾಗಿ ಸುಧಾರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಒಂದು ಆಸೆಯ ಮೇಲೆ ಎಷ್ಟೋ ಮನೆಗಳಲ್ಲಿ ಫೀಸು ಕಟ್ಟಲಾಗುತ್ತಿದೆ.

ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳನ್ನು ಸೇರಿಸಿಕೊಂಡು ಒಂದು ದೊಡ್ಡ ಪರೀಕ್ಷೆ ನಡೆಯಿತು. ನಿಮ್ಮ ಮಗಳ ವಯಸ್ಸಿನ, ಒಂಬತ್ತು-ಹತ್ತು ವರ್ಷದ ಮಕ್ಕಳು. ಅರ್ಧ ಶಾಲೆಗಳಲ್ಲಿ 30 ತಾಸು ಚೆಸ್ ಪಾಠ, ಉಳಿದ ಅರ್ಧದಲ್ಲಿ ಎಂದಿನ ಪಾಠ. ಒಂದು ವರ್ಷ ಕಳೆದ ಮೇಲೆ ಗಣಿತ ಪರೀಕ್ಷೆಯ ಅಂಕ ನೋಡಿದರೆ ಎರಡೂ ಗುಂಪಿಗೆ ವ್ಯತ್ಯಾಸವೇ ಇರಲಿಲ್ಲ. 2016ರಲ್ಲಿ ಈ ವರದಿ ಬಂತು. ಅದೇ ವರ್ಷ ಸಾಲಾ ಮತ್ತು ಗೋಬೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ 24 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಚೆಸ್ ಕಲಿತ ಮಕ್ಕಳಿಗೆ ಗಣಿತದಲ್ಲಿ ಸಣ್ಣ ಪ್ರಯೋಜನ ಕಂಡಿತು, ಅದೂ 25–30 ತಾಸಾದರೂ ಪಾಠ ಆಗಿದ್ದಲ್ಲಿ ಹೆಚ್ಚು. ಆದರೆ ಅವರೇ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಚೆಸ್ ಬದಲು ಬೇರೆ ಯಾವುದಾದರೂ ಹೊಸ ಚಟುವಟಿಕೆ ಕೊಟ್ಟಿದ್ದರೆ ಅಷ್ಟೇ ಪ್ರಯೋಜನ ಆಗುತ್ತಿತ್ತೇ ಎಂದು ಹೆಚ್ಚಿನ ಅಧ್ಯಯನಗಳು ನೋಡಿಯೇ ಇರಲಿಲ್ಲ. ಹೊಸ ಮೇಷ್ಟ್ರು, ಹೊಸ ಹುರುಪು ಬಂದರೆ ಮಕ್ಕಳು ಕೆಲವು ತಿಂಗಳು ಎಲ್ಲದರಲ್ಲೂ ಚುರುಕಾಗುತ್ತಾರೆ.

ಇದೇಕೆ ಹೀಗೆ ಎಂಬುದಕ್ಕೆ 1973ರ ಒಂದು ಪ್ರಯೋಗ ದಾರಿ ತೋರಿಸುತ್ತದೆ. ಚೇಸ್ ಮತ್ತು ಸೈಮನ್ ಎಂಬವರು ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ, ನೆನಪಿನಿಂದ ಕಾಯಿ ಜೋಡಿಸಲು ಹೇಳಿದರು. ಪಳಗಿದ ಆಟಗಾರ ಹೊಸಬನಿಗಿಂತ ಎಷ್ಟೋ ಮುಂದಿದ್ದ. ಅವೇ ಕಾಯಿಗಳನ್ನು ಮಣೆಯ ಮೇಲೆ ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದಾಗ ಅವನ ಹಿರಿಮೆ ಕರಗಿಹೋಯಿತು. ಅಂದರೆ ಅವನಲ್ಲಿ ಬೆಳೆದದ್ದು ಎಲ್ಲೆಂದರಲ್ಲಿ ಬಳಸಬಹುದಾದ 'ನೆನಪಿನ ಶಕ್ತಿ' ಅಲ್ಲ. ಚೆಸ್ಸಿನ ಆಕಾರಗಳ ಪರಿಚಯ. ಆ ಪರಿಚಯ ಮಣೆ ಬಿಟ್ಟು ಎದ್ದು ಬರುವುದಿಲ್ಲ.

ಹಾಗಾದರೆ ಕಳಿಸಲೇಬಾರದೇ? ಮಗುವಿಗೆ ಆಟ ಇಷ್ಟವಾಗಿದ್ದರೆ ಖಂಡಿತ ಕಳಿಸಿ, ಅದೊಂದೇ ಕಾರಣ ಸಾಕು. ಗಣಿತಕ್ಕೂ ಸ್ವಲ್ಪ ಬರಲಿ ಎಂದಿದ್ದರೆ ಸೇತುವೆಯನ್ನು ನೀವೇ ಕಟ್ಟಬೇಕು. ಪದಾತಿ 1, ಕುದುರೆ 3, ಒಂಟೆ 3, ಆನೆ 5, ಮಂತ್ರಿ 9 ಎಂಬ ಬೆಲೆ ಇಟ್ಟುಕೊಂಡು, 'ಆನೆ ಮತ್ತು ಪದಾತಿ ಕೊಟ್ಟು ಕುದುರೆ, ಒಂಟೆ ಎರಡನ್ನೂ ಪಡೆದರೆ ಲಾಭವೋ ನಷ್ಟವೋ' ಎಂದು ಕೇಳಿ. ಆರಕ್ಕೆ ಆರು, ಸರಿಸಮ ಎಂದು ಲೆಕ್ಕ ಹೇಳುತ್ತದೆ. ಆಟದ ಆರಂಭದಲ್ಲಿ ಮಾತ್ರ ಕುದುರೆ-ಒಂಟೆ ಜೋಡಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ; ಬೆಲೆ ಸ್ಥಿತಿಯ ಮೇಲೆ ನಿಂತಿದೆ ಎಂದು ತಿಳಿಯುವುದೂ ಗಣಿತವೇ. ಮಣೆಯಲ್ಲಿ ಒಟ್ಟು ಎಷ್ಟು ಚೌಕಗಳಿವೆ ಎಂದು ಕೇಳಿ. 64 ಎನ್ನುತ್ತಾಳೆ. ದೊಡ್ಡ ಚೌಕಗಳನ್ನೂ ಎಣಿಸು ಎನ್ನಿ: 64, 49, 36 ಹೀಗೆ ಇಳಿಯುತ್ತಾ ಕೊನೆಗೆ 1, ಕೂಡಿದರೆ 204. ಇದಕ್ಕೊಂದು ಭಾನುವಾರ ಮಧ್ಯಾಹ್ನ ಕೊಟ್ಟರೆ ನಷ್ಟವಿಲ್ಲ.

ಕ್ಲಾಸು ಆರಿಸುವಾಗ ಮೂರು ವಿಷಯ ವಿಚಾರಿಸಿ. ಮಕ್ಕಳು ತಮ್ಮ ನಡೆಗಳನ್ನು ಹಾಳೆಯಲ್ಲಿ ಬರೆಯುತ್ತಾರೆಯೇ? ಸೋತ ಆಟವನ್ನು ಮೇಷ್ಟ್ರು ಅವರ ಜೊತೆ ಕೂತು ಮತ್ತೆ ಆಡಿ ನೋಡುತ್ತಾರೆಯೇ? ಒಂದು ತಾಸಿನಲ್ಲಿ ಆಟಕ್ಕೆಷ್ಟು, ಪಾಠಕ್ಕೆಷ್ಟು? ಬರವಣಿಗೆ ಇಲ್ಲದೆ, ಗಡಿಯಾರ ಒತ್ತುತ್ತಾ ಗಲಾಟೆಯಲ್ಲಿ ಮುಗಿಯುವ ಕ್ಲಾಸು ಮಕ್ಕಳನ್ನು ಒಂದು ತಾಸು ಕೂರಿಸುವ ವ್ಯವಸ್ಥೆ, ಅಷ್ಟೇ.

ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಮೂರು ನಿಮಿಷದ ಆಟ ಶುರು ಮಾಡಿದರೆ ಒಂದೂವರೆ ಗಂಟೆಯಾದರೂ ನಿಲ್ಲುವುದಿಲ್ಲ. 'ಗೆದ್ದು ಮಲಗುತ್ತೇನೆ' ಎಂದುಕೊಳ್ಳುತ್ತೇನೆ. ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಎಲ್ಲರ ಮೇಲೂ ಸಿಟ್ಟು. – ಹಿಂಜವಡಿ, ಪುಣೆ

ಈ ತರಹದ ಪತ್ರಗಳೇ ಏಳು ಬಂದಿವೆ, ಬಹುತೇಕ ಎಲ್ಲವೂ ಐಟಿ ಕೆಲಸದವರವು. ಚದುರಂಗದ ಒಳ್ಳೆಯ ಗುಣಗಳನ್ನು ಮಣೆಯಿಂದ ಮನೆಗೆ ಹೊತ್ತು ತರಬೇಕು. ಕೆಟ್ಟವು ಕರೆಯದೆಯೇ ಬರುತ್ತವೆ. ನಿಮ್ಮದು ಎರಡನೆಯ ಬಗೆ.

'ಗೆದ್ದು ಮಲಗುತ್ತೇನೆ' ಎಂಬುದು ಏಕೆ ಕೈಕೊಡುತ್ತದೆ ನೋಡಿ. ಆನ್‌ಲೈನ್ ತಾಣಗಳು ನಿಮ್ಮ ರೇಟಿಂಗಿಗೆ (ಆಟದ ಮಟ್ಟ ತೋರಿಸುವ ಅಂಕಕ್ಕೆ) ಹತ್ತಿರದವರನ್ನೇ ಎದುರಿಗೆ ಕೂರಿಸುತ್ತವೆ. ಆದ್ದರಿಂದ ಚೆನ್ನಾಗಿ ಎಚ್ಚರವಿರುವಾಗಲೂ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ರಾತ್ರಿ ಹನ್ನೆರಡಕ್ಕೆ ದಣಿದು, ಸೋಲಿನ ಸಿಟ್ಟಿನಲ್ಲಿ ಆಡುವಾಗ ಅದು ಹತ್ತಕ್ಕೆ ನಾಲ್ಕಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಸತತ ಮೂರು ಆಟ ಸೋಲುವ ಸಾಧ್ಯತೆ ಆಗ ಶೇಕಡಾ 21ರ ಮೇಲೆ. ಐದು ರಾತ್ರಿಗೊಮ್ಮೆ ಆಗುವಂಥದ್ದು. ಅಂಥ ರಾತ್ರಿಯೇ ನೀವು ಒಂದೂವರೆ ಗಂಟೆಯವರೆಗೆ ಕೂರುವುದು. ಆರು ನಿಮಿಷಕ್ಕೊಂದು ಆಟ ಮುಗಿಯುವುದರಿಂದ ತಾಸಿಗೆ ಹತ್ತು ಸಲ 'ಇನ್ನೊಂದೇ' ಎನ್ನುವ ಅವಕಾಶ ಸಿಗುತ್ತದೆ.

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳುವುದಿಲ್ಲ, ಅದು ಹನ್ನೊಂದು ಗಂಟೆಗೆ ಯಾರಿಗೂ ಗಟ್ಟಿ ಇರುವುದಿಲ್ಲ. ಏರ್ಪಾಡು ಬದಲಿಸಿ. ಮೊದಲನೆಯದಾಗಿ 3+0 ಬಿಟ್ಟು 15+10ಕ್ಕೆ ಬನ್ನಿ, ಅಂದರೆ ಹದಿನೈದು ನಿಮಿಷ, ಪ್ರತಿ ನಡೆಗೆ ಹತ್ತು ಸೆಕೆಂಡು ಸೇರ್ಪಡೆ. ಅರವತ್ತು ನಡೆಯ ಆಟವಾದರೆ ಇಬ್ಬರದೂ ಸೇರಿ ಐವತ್ತು ನಿಮಿಷದವರೆಗೆ ಹೋಗುತ್ತದೆ. ಒಂದಾದ ಮೇಲೆ ಎರಡನೆಯದಕ್ಕೆ ಬೆರಳು ತಾನೇ ಹಿಂಜರಿಯುತ್ತದೆ. ಎರಡನೆಯದು, ಲೆಕ್ಕವನ್ನು ಗೆಲುವಿಗೆ ಕಟ್ಟಬೇಡಿ, ಸೋಲಿಗೆ ಕಟ್ಟಿ: ಸಾಲಾಗಿ ಎರಡು ಸೋಲು ಬಂದರೆ ಆ ದಿನದ ಆಟ ಮುಗಿಯಿತು. ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ರೇಟಿಂಗ್ ಅಂಕಿಯನ್ನೇ ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿ; ಕಾಣದ ಅಂಕಿಯನ್ನು ಮರಳಿ ಗಳಿಸುವ ಚಪಲ ಅರ್ಧ ಇಳಿಯುತ್ತದೆ. ಕೊನೆಯ ಆಟ ಮತ್ತು ದಿಂಬಿನ ನಡುವೆ ಒಂದು ತಾಸಾದರೂ ಇರಲಿ. ನಿದ್ದೆ ಕೆಡಿಸುವುದು ಪರದೆಯ ಬೆಳಕೊಂದೇ ಅಲ್ಲ, ಕೊನೆಯ ಹತ್ತು ಸೆಕೆಂಡಿನಲ್ಲಿ ಏರಿದ ಎದೆಬಡಿತವೂ ಹೌದು. ಕಣ್ಣು ಮುಚ್ಚಿದರೆ ಮಣೆ ಕಾಣುತ್ತದೆ ಎಂದು ಬರೆದಿದ್ದೀರಿ. ಕಾಡುತ್ತಿರುವ ತಪ್ಪು ನಡೆಯನ್ನು ಒಂದು ಚೀಟಿಯಲ್ಲಿ ಬರೆದು 'ನಾಳೆ ನೋಡುವುದು' ಎಂದು ಮಡಚಿಟ್ಟರೆ ಸಾಮಾನ್ಯವಾಗಿ ಬಿಡುತ್ತದೆ.

ಆಟ ಪೂರ್ತಿ ಬಿಡಲಾಗದವರಿಗೆ ಇನ್ನೊಂದು ದಾರಿ: ಒಂದು ನಡೆಗೆ ಒಂದು ಅಥವಾ ಮೂರು ದಿನ ಸಮಯವಿರುವ ಅಂಚೆ-ಬಗೆಯ ಆಟ. ಬಸ್ಸಿನಲ್ಲಿ ಒಂದು ನಡೆ, ಊಟದ ಹೊತ್ತಿಗೆ ಒಂದು.

ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ತಂದೆತಾಯಿ, ಸ್ವಂತ ಫ್ಲ್ಯಾಟು ಎಲ್ಲ ಇಲ್ಲಿ. ಎರಡು ತಿಂಗಳಿಂದ ಯೋಚಿಸುತ್ತಲೇ ಇದ್ದೇನೆ. ಇಷ್ಟು ವರ್ಷ ಚೆಸ್ ಆಡಿದವನಿಗೆ ಒಂದು ನಿರ್ಧಾರ ತೆಗೆದುಕೊಳ್ಳಲು ಬರುವುದಿಲ್ಲವೇ ಎಂದು ಹೆಂಡತಿ ನಗುತ್ತಾಳೆ. – ಠಾಣೆ

ಆಡಿದವರಿಗೇ ಈ ಕಾಯಿಲೆ ಹೆಚ್ಚು. ಇದಕ್ಕೆ ಚೆಸ್ಸಿನಲ್ಲಿ ಹೆಸರೂ ಇದೆ: ಕೋಟೊವ್ ಸಿಂಡ್ರೋಮ್. ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೋಟೊವ್ ವಿವರಿಸಿದ್ದು ಇದು: ಆಟಗಾರ ಎರಡು ನಡೆಗಳ ನಡುವೆ ಅರ್ಧ ತಾಸು ತೂಗುತ್ತಾನೆ, ಇದು ನೋಡಿ ಅದಕ್ಕೆ, ಅದು ನೋಡಿ ಇದಕ್ಕೆ. ಗಡಿಯಾರ ನೋಡಿ ಗಾಬರಿಯಾಗಿ, ಅಲ್ಲಿಯವರೆಗೆ ಯೋಚಿಸದೇ ಇದ್ದ ಮೂರನೆಯ ನಡೆಯನ್ನು ಆಡಿಬಿಡುತ್ತಾನೆ. ಅದೇ ಸೋಲಿನ ನಡೆಯಾಗಿರುತ್ತದೆ. ಎರಡು ತಿಂಗಳು ಯೋಚಿಸಿ ಕೊನೆಯ ದಿನ ಸಂಜೆ ಹುಚ್ಚು ಧೈರ್ಯದಲ್ಲಿ ಇಮೇಲ್ ಕಳಿಸುವುದು ಇದರ ಮನೆಮಾತಿನ ರೂಪ.

ಕೋಟೊವ್ ಕೊಟ್ಟ ಮದ್ದು 'ಅಭ್ಯರ್ಥಿ ನಡೆ'ಗಳು. ಲೆಕ್ಕ ಶುರು ಮಾಡುವ ಮೊದಲೇ ಯಾವ ಯಾವ ನಡೆ ಕಣದಲ್ಲಿವೆ ಎಂದು ಪಟ್ಟಿ ಮಾಡು. ಆಮೇಲೆ ಒಂದೊಂದನ್ನೇ ನೋಡು. ಕಾಗದ ತೆಗೆದುಕೊಂಡು ಮೂರು ಅಥವಾ ನಾಲ್ಕು ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ನಿಮ್ಮ ವಿಷಯದಲ್ಲಿ: ಒಬ್ಬರೇ ಹೋಗಿ ವಾರಾಂತ್ಯಕ್ಕೆ ಬರುವುದು, ಎಲ್ಲರೂ ಹೋಗುವುದು, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೇಳಿ ಒಪ್ಪುವುದು, ಇಲ್ಲೇ ಉಳಿಯುವುದು. ಉಳಿಯುವುದೂ ಒಂದು ನಡೆ. ಅದನ್ನು ಪಟ್ಟಿಗೆ ಸೇರಿಸದವರು ಅದನ್ನೇ ಆಡುತ್ತಿರುತ್ತಾರೆ, ಗೊತ್ತಿಲ್ಲದೆ.

ಈಗ ಪ್ರತಿ ನಡೆಯ ಮುಂದೆ ಅದು ಪದಾತಿಯದೋ ಕುದುರೆಯದೋ ಎಂದು ಬರೆಯಿರಿ. ಪದಾತಿ ಹಿಂದಕ್ಕೆ ಬರುವುದಿಲ್ಲ. ಕುದುರೆ ಹೋದ ದಾರಿಯಲ್ಲೇ ವಾಪಸು ಬರಬಲ್ಲದು, ಎರಡು ನಡೆ ವ್ಯರ್ಥ ಅಷ್ಟೇ. ಠಾಣೆಯ ಫ್ಲ್ಯಾಟು ಮಾರುವುದು ಪದಾತಿ. ಪುಣೆಯಲ್ಲಿ ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನ ಮೇಲೆ ಬಾಡಿಗೆಗೆ ಇರುವುದು ಕುದುರೆ. ಶಾಲೆ ಬದಲಿಸುವುದು ಮಕ್ಕಳ ವಯಸ್ಸಿನ ಮೇಲೆ. ಎರಡನೇ ಕ್ಲಾಸಿನವನಿಗೆ ಕುದುರೆ, ಒಂಬತ್ತನೆಯದರವನಿಗೆ ಪದಾತಿ. ಹೀಗೆ ವಿಂಗಡಿಸಿದರೆ ಎರಡು ತಿಂಗಳ ಯೋಚನೆಯಲ್ಲಿ ಮುಕ್ಕಾಲು ಪಾಲು ಕುದುರೆ ನಡೆಗಳಿಗೆ ಖರ್ಚಾಗಿದೆ ಎಂದು ಕಾಣುತ್ತದೆ. ಅವಕ್ಕೆ ಒಂದು ವಾರ ಸಾಕು, ಉಳಿದ ಸಮಯ ಪದಾತಿಗೆ ಮೀಸಲು.

ನಂತರ ಪ್ರತಿ ನಡೆಗೂ ಎದುರಿನ ಉತ್ತಮ ಉತ್ತರ ಬರೆಯಿರಿ. ಇಲ್ಲಿ ಸಾಮಾನ್ಯ ಆಟಗಾರ ಮಾಡುವ ತಪ್ಪು: ತನಗೆ ಬೇಕಾದ ಉತ್ತರವನ್ನು ಎದುರಾಳಿಯ ಬಾಯಲ್ಲಿ ಇಡುತ್ತಾನೆ. 'ವಾರಕ್ಕೆ ಎರಡು ದಿನ ಕೊಡುತ್ತಾರೆ' ಎಂದು ಬರೆಯಬೇಡಿ. 'ಈಗ ಕೊಟ್ಟು ಆರು ತಿಂಗಳಲ್ಲಿ ಹಿಂದಕ್ಕೆ ತೆಗೆದುಕೊಂಡರೆ?' ಎಂದು ಬರೆಯಿರಿ. ಆಗಲೂ ನಿಮ್ಮ ನಡೆ ನಿಲ್ಲುತ್ತದೆಯೇ?

ಒಂದು ಕವಲನ್ನು ಒಮ್ಮೆ ಮಾತ್ರ ನೋಡಬೇಕು, ಹಿಂತಿರುಗಬಾರದು ಎಂದೂ ಕೋಟೊವ್ ಹೇಳಿದ್ದ. ಅಷ್ಟು ಕಟ್ಟುನಿಟ್ಟು ಅವನ ಸಮಕಾಲೀನ ದೊಡ್ಡ ಆಟಗಾರರೇ ಪಾಲಿಸಲಿಲ್ಲ; ನಮಗೂ ಅದು ಸರಿ ಎನಿಸುವುದಿಲ್ಲ. ಎರಡನೆಯ ಕವಲು ನೋಡುವಾಗ ಮೊದಲನೆಯದಕ್ಕೆ ಹೊಸ ವಿಚಾರ ಹೊಳೆಯುವುದು ಸಹಜ. ಹೊಸ ವಿಚಾರ ಇದ್ದರೆ ಹಿಂತಿರುಗಿ. ಹಳೆಯ ಹೆದರಿಕೆಯೇ ಮತ್ತೆ ಕರೆಯುತ್ತಿದ್ದರೆ ಬೇಡ.

ಕೊನೆಗೆ ಬ್ಲುಮೆನ್‌ಫೆಲ್ಡ್ ಉಪಾಯ. ಈ ರಷ್ಯನ್ ಆಟಗಾರ ಹೇಳಿದ್ದು: ನಡೆ ತೀರ್ಮಾನವಾದ ಮೇಲೆ ಮೊದಲು ಅದನ್ನು ಹಾಳೆಯಲ್ಲಿ ಬರೆ, ತಲೆಯೆತ್ತು, ಒಂದು ನಿಮಿಷ ಈಗಷ್ಟೇ ಬಂದವನಂತೆ ಮಣೆ ನೋಡು, ಆಮೇಲೆ ಆಡು. ಇಂದಿನ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಲ್ಲಿ ಮುಂಚಿತವಾಗಿ ಬರೆಯುವಂತಿಲ್ಲ, ಡ್ರಾ ಹಕ್ಕು ಕೇಳುವಾಗಿನಂಥ ಸಂದರ್ಭ ಬಿಟ್ಟರೆ. ಬದುಕಿನಲ್ಲಿ ಆ ನಿಷೇಧವಿಲ್ಲ. ಒಪ್ಪಿಗೆಯ ಪತ್ರ ಬರೆದು ಒಂದು ರಾತ್ರಿ ಡ್ರಾಫ್ಟಿನಲ್ಲಿಡಿ. ಬೆಳಿಗ್ಗೆ ಬೇರೆ ಯಾರೋ ಬರೆದದ್ದು ಎಂಬಂತೆ ಓದಿ, ಒತ್ತಿ.

ಚೆಸ್ ಆಡಿದರೆ ದಿನಕ್ಕೆ 6000 ಕ್ಯಾಲರಿ ಕರಗುತ್ತದಂತೆ? – ಗೋರೆಗಾಂವ್

ಇಲ್ಲ. ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಮಿದುಳಿನ ಪಾಲು ಸುಮಾರು ಐದನೇ ಒಂದು. ಗಟ್ಟಿಯಾಗಿ ಯೋಚಿಸಿದಾಗ ಅದು ಹೆಚ್ಚುವುದು ಅತ್ಯಲ್ಪ. ದೊಡ್ಡ ಟೂರ್ನಿಗಳಲ್ಲಿ ಆಟಗಾರರ ತೂಕ ಇಳಿದರೆ ಊಟ-ನಿದ್ದೆ ಬಿಟ್ಟದ್ದು, ಒತ್ತಡ, ನೀರಿನಂಶ ಕಡಿಮೆಯಾದದ್ದು ಮುಖ್ಯ ಕಾರಣ. ಎರಡು ಆಟ ಆಡಿದೆ ಎಂದು ಮೂರನೆಯ ವಡಾಪಾವ್ ತಿನ್ನಬೇಡಿ.

ನನ್ನ ಗಂಡ ಒಳ್ಳೆಯ ಆಟಗಾರ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ 'ನೀನು ಮುಂದೆ ಇದನ್ನೇ ಹೇಳುತ್ತೀ ಎಂದು ಗೊತ್ತಿತ್ತು' ಎನ್ನುತ್ತಾರೆ. ಚೆಸ್ ಮನುಷ್ಯರನ್ನು ಹೀಗೆ ಮಾಡುತ್ತದೆಯೇ? – ಕೋಥ್ರೂಡ್, ಪುಣೆ

ಚೆಸ್ಸಿಗಿಂತ ಅವರ ಅಭ್ಯಾಸ ಹೀಗೆ ಮಾಡಿದೆ, ಆದರೆ ಚೆಸ್ ಅದಕ್ಕೆ ಒಳ್ಳೆಯ ನೆಪ. ಮಣೆಯ ಮೇಲೆ ಎರಡು ಸಂಗತಿ ಇವೆ, ಮನೆಯಲ್ಲಿ ಎರಡೂ ಇಲ್ಲ. ಒಂದು, ಅಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಎರಡು, ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗಿವೆ, ಮುಚ್ಚಿಟ್ಟದ್ದು ಏನೂ ಇಲ್ಲ. ಮನೆಯಲ್ಲಿ ಹೆಂಡತಿ ಸೋತರೆ ಗಂಡ ಗೆಲ್ಲುವುದಿಲ್ಲ, ಆ ರಾತ್ರಿಯ ಊಟ ಇಬ್ಬರಿಗೂ ಹಾಳು. ಮನಸ್ಸಿನಲ್ಲಿರುವ ಕಾಯಿಗಳಂತೂ ಎದುರಿನವರಿಗೆ ಅರ್ಧವೂ ಕಾಣುವುದಿಲ್ಲ. ಆದ್ದರಿಂದ 'ಮೂರು ನಡೆ ಮುಂದೆ' ನೋಡುವ ಅವರ ಲೆಕ್ಕ ಅರ್ಧ ಕಾಯಿ ಕಾಣದ ಮಣೆಯ ಮೇಲೆ ಮಾಡಿದ್ದು.

ಅವರಿಗೆ ಅವರ ಭಾಷೆಯಲ್ಲೇ ಹೇಳಿ. ಆಟ ಮುಗಿದ ಮೇಲೆ ಇಬ್ಬರೂ ಕೂತು ಅದೇ ಆಟವನ್ನು ಮತ್ತೆ ಆಡಿ ನೋಡುವ ಪದ್ಧತಿ ಚೆಸ್ಸಿನಲ್ಲಿದೆ, ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಗಡಿಯಾರ ನಿಂತಿರುತ್ತದೆ, ಅಂಕ ಬಿದ್ದಾಗಿದೆ. ಅಲ್ಲಿ ಸಭ್ಯ ಆಟಗಾರ ಕೇಳುವ ಮೊದಲ ಪ್ರಶ್ನೆ 'ಇಲ್ಲಿ ನೀವು ಏನು ಯೋಚಿಸಿದಿರಿ?' ಉತ್ತರ ಬಹುಪಾಲು ಆಶ್ಚರ್ಯ ತರುತ್ತದೆ. ತಾನು ಹೆದರಿದ್ದ ದಾಳಿಯನ್ನು ಎದುರಾಳಿ ನೋಡಿಯೇ ಇರುವುದಿಲ್ಲ. ಜಗಳದ ಮರುದಿನ, ಅದೇ ರಾತ್ರಿ ಬೇಡ, ಹತ್ತು ನಿಮಿಷ ಹೀಗೆ ಕೂತರೆ ಅವರ ಊಹೆಗಳಲ್ಲಿ ಎಷ್ಟು ಸರಿ ಇತ್ತು ಎಂದು ಅವರಿಗೇ ತಿಳಿಯುತ್ತದೆ.

ಇನ್ನೊಂದು ನಿಯಮ ಎಲ್ಲರ ಮನೆಗೂ ಆದೀತು: ಮುಟ್ಟಿದ ಕಾಯಿ ಆಡಲೇಬೇಕು. ಸರಿಪಡಿಸುವುದಿದ್ದರೆ ಮುಟ್ಟುವ ಮೊದಲೇ 'ಸರಿ ಮಾಡುತ್ತೇನೆ' ಎನ್ನಬೇಕು, ಮುಟ್ಟಿದ ಮೇಲೆ ಹೇಳಿದರೆ ಆರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರ, ಒಪ್ಪುವುದಿಲ್ಲ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ನಮ್ಮವರು ಫಿಡೆ ಹುಟ್ಟುವ ಮೊದಲೇ ಹೇಳಿದ್ದಾರೆ. ಹಾಗೆಯೇ ರಾಜಿಯ ಪ್ರಸ್ತಾಪ: ಮಣೆಯ ಮೇಲೆ ತನ್ನ ನಡೆ ಆಡಿದ ನಂತರ ಒಮ್ಮೆ ಡ್ರಾ ಕೇಳಬೇಕು, ಮೇಲಿಂದ ಮೇಲೆ ಕೇಳುತ್ತಿದ್ದರೆ ಕಿರುಕುಳ ಎಂದು ದೂರು ಕೊಡಬಹುದು.

ವಾಸ್ಕೋದಿಂದ ಬರೆಯುತ್ತಿದ್ದೇನೆ. ಮಗನಿಗೆ ಹದಿನಾಲ್ಕು. ಟೂರ್ನಿಯಲ್ಲಿ 40 ಅಂಕ ಕಳೆದುಕೊಂಡು ಎರಡು ದಿನ ಊಟ ಬಿಟ್ಟ. ಗೋವಾದಲ್ಲಿ ವಿಶ್ವಕಪ್ ನೋಡಿದಾಗಿನಿಂದ ಶಾಲೆ ಬಿಡುತ್ತೇನೆ ಎಂಬ ಹಟ ಬೇರೆ.

ಮೊದಲು ಅಂಕದ ಲೆಕ್ಕ, ಏಕೆಂದರೆ ಅಳುವಿನಲ್ಲಿ ಅರ್ಧ ಅದನ್ನು ತಿಳಿಯದೆ ಬಂದದ್ದು. ಫಿಡೆ ರೇಟಿಂಗಿನಲ್ಲಿ 'ಕೆ' ಎಂಬ ಗುಣಕವಿದೆ. ಹದಿನೆಂಟು ತುಂಬುವ ವರ್ಷದ ಕೊನೆಯವರೆಗೆ, ರೇಟಿಂಗ್ 2300ರ ಕೆಳಗಿದ್ದರೆ, ಅದು 40. ದೊಡ್ಡವರಿಗೆ 20, 2400 ಮುಟ್ಟಿದವರಿಗೆ 10. ಸಮಬಲದವನ ಎದುರು ಸೋತರೆ ಮಗನಿಗೆ 20 ಅಂಕ ಹೋಗುತ್ತದೆ. ಅದೇ ಆಟ ಸೋತ ನಲವತ್ತು ವರ್ಷದವರಿಗೆ ಹೋಗುವುದು 10. ನೂರು ಅಂಕ ಕಡಿಮೆ ಇರುವವನ ಎದುರು ಸೋತರೆ ಮಗನಿಗೆ 25ರ ಮೇಲೆ. ಅಂದರೆ ಏಳು ಸುತ್ತಿನಲ್ಲಿ ಮೂರೂವರೆ ಬರಬೇಕಿದ್ದಲ್ಲಿ ಎರಡೂವರೆ ಬಂದರೆ ಸಾಕು, 40 ಹೋಯಿತು. ಇದು ಒಂದು ಆಟದ ವ್ಯತ್ಯಾಸ. ಮಕ್ಕಳು ಬೇಗ ಕಲಿಯುತ್ತಾರೆ, ಅಂಕವೂ ಬೇಗ ಏರಲಿ ಎಂದು ಗುಣಕ ದೊಡ್ಡದು ಇಟ್ಟಿದ್ದಾರೆ. ಏರಿದಷ್ಟೇ ಬೇಗ ಇಳಿಯುತ್ತದೆ. ಈ ಲೆಕ್ಕವನ್ನು ಮಗನ ಕೈಯಿಂದಲೇ ಮಾಡಿಸಿ. ರೇಟಿಂಗನ್ನು ಟೂರ್ನಿಗೊಮ್ಮೆ ನೋಡುವುದನ್ನು ಬಿಟ್ಟು ಆರು ತಿಂಗಳಿಗೊಮ್ಮೆ ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡಿಸಿ.

ಸೋತ ದಿನ ಏನು ಮಾಡಬೇಕು? ತಿನ್ನಿಸಿ, ಮಲಗಿಸಿ. ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಚೆಸ್ ತಂತ್ರಾಂಶ) ಹಚ್ಚಿ ತಪ್ಪು ತೋರಿಸಬೇಡಿ. ಮರುದಿನ ಅವನೇ ಎಂಜಿನ್ ಇಲ್ಲದೆ, ತನಗೆ ಎಲ್ಲಿ ಕೆಟ್ಟಿತು ಅನಿಸಿತೋ ಆ ಒಂದು ನಡೆಗೆ ಗುರುತು ಹಾಕಲಿ. ಆಮೇಲೆ ಎಂಜಿನ್. ಎರಡೂ ಬೇರೆ ಬೇರೆ ಜಾಗ ತೋರಿಸಿದರೆ ಅದೇ ಆ ವಾರದ ಪಾಠ. ಎರಡು ದಿನ ಊಟ ಬಿಡುವುದು ಮತ್ತೆ ಮತ್ತೆ ಆದರೆ, ಅಥವಾ ಆಟದ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ, ಚೆಸ್ ಮೇಷ್ಟ್ರ ಕೈಯ ಕೆಲಸ ಅಲ್ಲ ಅದು. ಮಕ್ಕಳ ವೈದ್ಯರನ್ನು ಅಥವಾ ಕೌನ್ಸೆಲರನ್ನು ಕಾಣಿ.

ಶಾಲೆಯ ವಿಷಯ. ಗುಕೇಶ್ ನಾಲ್ಕನೇ ತರಗತಿಯ ನಂತರ ನಿಯಮಿತವಾಗಿ ಶಾಲೆಗೆ ಹೋಗಲಿಲ್ಲ, 2024ರಲ್ಲಿ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದರು ಎಂದು ಮಗ ಹೇಳುತ್ತಾನೆ, ನಿಜ. ವಿಶ್ವನಾಥನ್ ಆನಂದ್ ಚೆನ್ನೈನ ಲೊಯೋಲಾ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿಯೂ ಐದು ಸಲ ಚಾಂಪಿಯನ್ ಆದರು ಎಂದು ನೀವು ಹೇಳಿ. ಆದರೆ ಉದಾಹರಣೆಗಳ ಜಗಳ ಮುಗಿಯುವಂಥದ್ದಲ್ಲ. ಗುಕೇಶ್ ಹನ್ನೆರಡು ವರ್ಷಕ್ಕೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು ಎಂಬುದು ಈ ಲೆಕ್ಕಕ್ಕೆ ಸೇರಬೇಕು. ಹದಿನಾಲ್ಕರಲ್ಲಿ ಮಗನ ರೇಟಿಂಗ್ ಇನ್ನೂ 1700ರ ಸುಮಾರಿನಲ್ಲಿದೆ ಎಂದು ಬರೆದಿದ್ದೀರಿ. ಶಾಲೆ ಬಿಡಿಸುವುದು, ಮೇಲಿನ ಉತ್ತರದ ಮಾತಿನಲ್ಲಿ, ಪದಾತಿ ನಡೆ. ವರ್ಷಕ್ಕೆ ಇಂತಿಷ್ಟು ಟೂರ್ನಿಗೆ ರಜೆ ಎಂದು ಮುಖ್ಯೋಪಾಧ್ಯಾಯರಿಂದ ಮೊದಲೇ ಒಪ್ಪಿಗೆ ಪಡೆಯುವುದು ಕುದುರೆ ನಡೆ. ಗೋವಾದಿಂದಲೇ ಅನುರಾಗ್ ಮ್ಹಾಮಲ್, ಲಿಯೋನ್ ಮೆಂಡೋನ್ಸಾ ಗ್ರ್ಯಾಂಡ್‌ಮಾಸ್ಟರ್ ಆಗಿದ್ದಾರೆ, ದಾರಿ ಇಲ್ಲದ ಊರೇನಲ್ಲ.

2025ರ ಆ ವಿಶ್ವಕಪ್ಪಿಗೆ ಬಂದವರು 206 ಜನ. ಕಪ್ ಗೆದ್ದ ಉಜ್ಬೇಕಿಸ್ತಾನದ ಸಿಂದಾರೋವ್ ಒಬ್ಬರನ್ನು ಬಿಟ್ಟು 205 ಜನರೂ ಒಂದಲ್ಲ ಒಂದು ಪಂದ್ಯ ಸೋತೇ ಊರಿಗೆ ಹೋದರು. ಅವರಲ್ಲಿ ಗುಕೇಶ್ ಕೂಡ ಇದ್ದರು, ಮೂರನೇ ಸುತ್ತಿನಲ್ಲೇ. ಇದನ್ನು ಮಗನಿಗೆ ಊಟದ ಹೊತ್ತಿಗೆ ಹೇಳಬಹುದು.

ಘಾಟ್‌ಕೋಪರಿನಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ಗಿರಾಕಿ ಕಡಿಮೆ ಇರುವಾಗ ಗಲ್ಲೆಯಲ್ಲಿ ಕೂತು ಚೆಸ್ ಆಡುತ್ತೇನೆ. ವ್ಯಾಪಾರಕ್ಕೆ ಉಪಯೋಗ ಉಂಟೋ?

ಒಂದು ಕಡೆ ಉಂಟು, ಅದೂ ಚೆಸ್ಸಿನ ದೋಷದಿಂದ ಕಲಿತರೆ. 2008ರಲ್ಲಿ ಬಿಲಾಲಿಚ್, ಮೆಕ್ಲಾಯ್ಡ್, ಗೋಬೆ ಎಂಬ ಮೂವರು ಪಳಗಿದ ಆಟಗಾರರ ಮುಂದೆ ಒಂದು ಸ್ಥಿತಿ ಇಟ್ಟರು. ಎಲ್ಲರಿಗೂ ಬಾಯಿಪಾಠವಾಗಿರುವ, ಕುದುರೆಯಿಂದ ಮಾತ್ ಮಾಡುವ ಹಳೆಯ ದಾರಿ ಅದರಲ್ಲಿತ್ತು. ಅದಕ್ಕಿಂತ ಚಿಕ್ಕ ದಾರಿಯೂ ಇತ್ತು. ಹೆಚ್ಚಿನವರು ಹಳೆಯದನ್ನು ಕಂಡರು, ಚಿಕ್ಕದನ್ನು ಕಾಣಲಿಲ್ಲ. 'ಇನ್ನೂ ಒಳ್ಳೆಯದನ್ನು ಹುಡುಕುತ್ತಿದ್ದೇವೆ' ಎಂದು ಅವರು ಹೇಳುತ್ತಿದ್ದಾಗಲೂ ಕಣ್ಣಿನ ಚಲನೆ ಅಳೆಯುವ ಯಂತ್ರ ಬೇರೆ ಹೇಳಿತು: ಕಣ್ಣು ಹಳೆಯ ದಾರಿಯ ಮನೆಗಳ (ಮಣೆಯ ಚೌಕಗಳ) ಮೇಲೇ ತಿರುಗುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಮೂರರಿಂದ ಐದು ಮೇಜು ಖಾಲಿ ಎಂದು ಬರೆದಿದ್ದೀರಿ, ದರ ಇಳಿಸುವ ಯೋಚನೆ ಇದೆ ಎಂದೂ. ದರ ಇಳಿಸುವುದು ನಿಮ್ಮ ಆ ಹಳೆಯ ಕುದುರೆ ಮಾತ್. ಬೇರೆಯದು ಹುಡುಕುತ್ತೇನೆ ಎಂದು ಸುಮ್ಮನೆ ಕೂತರೆ ಕಣ್ಣು ಅಲ್ಲೇ ತಿರುಗುತ್ತದೆ. ತರಬೇತಿಯಲ್ಲಿ ಮಾಡಿಸುವುದು ಹೀಗೆ: ಆ ನಡೆ ನಿಯಮಕ್ಕೆ ವಿರುದ್ಧ ಎಂದು ಭಾವಿಸಿ ಮೊದಲಿಂದ ನೋಡು. ದರವನ್ನು ಒಂದು ಪೈಸೆ ಮುಟ್ಟುವಂತಿಲ್ಲ ಎಂದುಕೊಂಡು ಪಟ್ಟಿ ಮಾಡಿ. ಆ ಎರಡು ತಾಸಿಗೆ ಪಾರ್ಸೆಲ್ ಕಿಟಕಿ, ಹತ್ತಿರದ ಆಫೀಸುಗಳಿಗೆ ನಾಲ್ಕು ಗಂಟೆಯ ಕಾಫಿ-ಗೋಳಿಬಜೆ, ಅಡುಗೆಯವರ ಪಾಳಿ ಬದಲಿಸಿ ಗ್ಯಾಸ್ ಉಳಿಸುವುದು, ಹೀಗೆ ಏನೇನೋ ಬರುತ್ತದೆ. ಕೊನೆಗೆ ದರವೇ ಇಳಿಸಬೇಕು ಎನಿಸಿದರೂ ಪರವಾಗಿಲ್ಲ, ಈಗ ಅದು ಆರಿಸಿದ ನಡೆ.

ಅಂದ ಹಾಗೆ, ಬಾಗಿಲಲ್ಲಿ ನಿಂತ ಐದು ಜನರನ್ನು ನೋಡಿ ಯಾರು ಊಟಕ್ಕೆ, ಯಾರು ಬರೀ ಚಹಾಕ್ಕೆ ಎಂದು ನೀವು ಹೇಳಬಲ್ಲಿರಲ್ಲ, ಅದೇ ಗ್ರ್ಯಾಂಡ್‌ಮಾಸ್ಟರ್ ಮಣೆ ನೋಡುವ ರೀತಿ. ಅದನ್ನು ನಿಮಗೆ ಗಲ್ಲೆ ಕಲಿಸಿದೆ, ಚೆಸ್ ಅಲ್ಲ.

ಹತ್ತನೇ ತರಗತಿ. ಗಣಿತ ಪೇಪರಿನಲ್ಲಿ ಸಮಯ ಸಾಲುವುದಿಲ್ಲ. ಚೆಸ್ಸಿನಲ್ಲೂ ಹಾಗೇ. – ಮುಲುಂಡ್

ಎರಡಕ್ಕೂ ಒಂದೇ ಮದ್ದು: ಸಮಯವನ್ನೂ ಬರೆ. ಆಟದಲ್ಲಿ ಪ್ರತಿ ಐದು ನಡೆಗೊಮ್ಮೆ ಉಳಿದ ನಿಮಿಷವನ್ನು ಹಾಳೆಯ ಅಂಚಿನಲ್ಲಿ ಬರೆದರೆ ಯಾವ ನಡೆ ಸಮಯ ತಿಂದಿತು ಎಂದು ಕಾಣುತ್ತದೆ. ಸಾಮಾನ್ಯವಾಗಿ ಹತ್ತು-ಹದಿನೈದನೆಯ ನಡೆಯ ಸುತ್ತ, ಬಾಯಿಪಾಠ ಮುಗಿದ ಜಾಗದಲ್ಲಿ. ಮಹಾರಾಷ್ಟ್ರ ಬೋರ್ಡಿನ ಬೀಜಗಣಿತ ಪೇಪರು 40 ಅಂಕಕ್ಕೆ ಎರಡು ತಾಸು, ಅಂಕಕ್ಕೆ ಮೂರು ನಿಮಿಷ. ನೀನು ಎರಡೂವರೆಯಂತೆ ಹಿಡಿ; ನೂರು ನಿಮಿಷ ಬಿಡಿಸಲು, ಇಪ್ಪತ್ತು ನಿಮಿಷ ತಪ್ಪು ಹುಡುಕಲು. ಹತ್ತು ಅಂಕ ಮುಗಿದಾಗ ಗಡಿಯಾರ 25 ತೋರಿಸಬೇಕು. ಒಂದು ಲೆಕ್ಕ ಅದರ ಪಾಲಿನ ಎರಡರಷ್ಟು ಸಮಯ ಕೇಳಿದರೆ ಜಾಗ ಬಿಟ್ಟು ಮುಂದೆ ಹೋಗು. ಮನೆಯಲ್ಲಿ ನಾಲ್ಕು ಹಳೆಯ ಪೇಪರು ಹೀಗೆ ಬರೆದು, ಆಮೇಲೆ ಪರೀಕ್ಷೆಗೆ.

ವಯಸ್ಸು 72. ಹೆಸರುಗಳು ಮರೆಯುತ್ತವೆ. ಚೆಸ್ ಕಲಿತರೆ ಮರೆವಿನ ಕಾಯಿಲೆ ತಡೆಯಬಹುದೇ? – ಮಾಟುಂಗ

ತಡೆಯುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ನ್ಯೂಯಾರ್ಕಿನಲ್ಲಿ 75 ದಾಟಿದ 469 ಜನರನ್ನು ಸರಾಸರಿ ಐದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಬಂತು. ಓದುವುದು, ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ, ಇವುಗಳಲ್ಲಿ ತೊಡಗಿದ್ದವರಲ್ಲಿ ಡಿಮೆನ್ಷಿಯಾ ಕಡಿಮೆ ಕಂಡಿತು. ಆದರೆ ಆಡಿದ್ದರಿಂದ ಚೆನ್ನಾಗಿದ್ದರೋ, ಚೆನ್ನಾಗಿದ್ದುದರಿಂದ ಆಡುತ್ತಿದ್ದರೋ ಎಂದು ಇಂಥ ಅಧ್ಯಯನದಿಂದ ಬಿಡಿಸಲಾಗುವುದಿಲ್ಲ. ಕಲಿಯಿರಿ, ಮೊಬೈಲಿನಲ್ಲಿ ಬೇಡ, ಎದುರಿಗೆ ಮನುಷ್ಯರು ಕೂರುವ ಕಡೆ. ನಡೆದುಕೊಂಡು ಹೋಗುವಷ್ಟು ದೂರದಲ್ಲಿದ್ದರೆ ಇನ್ನೂ ಒಳ್ಳೆಯದು.

ಅದಕ್ಕಿಂತ ಮುಂಚೆ ಒಂದು ಕೆಲಸ. ಹೆಸರು ಮರೆತು ಆಮೇಲೆ ನೆನಪಾಗುವುದು ಈ ವಯಸ್ಸಿಗೆ ಸಾಮಾನ್ಯ. ಪರಿಚಿತ ದಾರಿ ತಪ್ಪುವುದು, ಮಾತ್ರೆ ಎರಡು ಸಲ ನುಂಗುವುದು, ಕೇಳಿದ್ದನ್ನೇ ಅರ್ಧ ತಾಸಿನಲ್ಲಿ ಮತ್ತೆ ಕೇಳುವುದು ಇದ್ದರೆ ವೈದ್ಯರಲ್ಲಿಗೆ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಕೂಡ ಮರೆವು ತರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಶಾಕಾಹಾರಿಗಳು ಬಿ12 ಪರೀಕ್ಷೆಯನ್ನು ಮರೆಯದೇ ಮಾಡಿಸಬೇಕು.

ಗ್ಲಾಕೋಮಾದಿಂದ ದೃಷ್ಟಿ ಕುಗ್ಗುತ್ತಿದೆ. ಆಟ ಬಿಡಬೇಕಾಗುತ್ತದೆಯೇ? – ಚಿಂಚವಡ

ಇಲ್ಲ. ಕಣ್ಣಿನ ಹನಿ ಬಿಡಬೇಡಿ, ಆಟವನ್ನೂ ಬಿಡಬೇಡಿ. ದೃಷ್ಟಿಹೀನರ ಮಣೆಯಲ್ಲಿ ಕಪ್ಪು ಮನೆಗಳು ಸ್ವಲ್ಪ ಎತ್ತರ, ಪ್ರತಿ ಮನೆಗೂ ತೂತು, ಕಾಯಿಯ ಬುಡದಲ್ಲಿ ಕಡ್ಡಿ. ಕಪ್ಪು ಕಾಯಿಗಳಿಗೆ ಬೆರಳಿಗೆ ಸಿಗುವ ಗುರುತು. ಮುಟ್ಟಿ ನೋಡುವುದು ತಪ್ಪಲ್ಲ. ತೂತಿನಿಂದ ಎತ್ತಿದಾಗ ಮಾತ್ರ 'ಮುಟ್ಟಿದ ಕಾಯಿ' ಎಂದು ಲೆಕ್ಕ. ಇಬ್ಬರಿಗೂ ಬೇರೆ ಬೇರೆ ಮಣೆ, ನಡೆಯನ್ನು ಬಾಯಲ್ಲಿ ಹೇಳಬೇಕು. ಮಣೆಯ ಎಂಟು ಉದ್ದ ಸಾಲುಗಳನ್ನು ಎ ಇಂದ ಎಚ್ ವರೆಗಿನ ಅಕ್ಷರಗಳಿಂದ ಗುರುತಿಸುತ್ತಾರೆ; ಬಿ, ಡಿ, ಇ ಕಿವಿಗೆ ಒಂದೇ ಥರ ಕೇಳುವುದರಿಂದ ಆ ಸಾಲುಗಳಿಗೆ ಆನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂಬ ಹೆಸರುಗಳಿವೆ. ಅಖಿಲ ಭಾರತ ಅಂಧರ ಚೆಸ್ ಒಕ್ಕೂಟದ ನೆಲೆಯೇ ಮುಂಬಯಿ. ಲಿಚೆಸ್‌ನಲ್ಲಿ ಪರದೆ ಓದುವ ತಂತ್ರಾಂಶಕ್ಕೆ ಹೊಂದುವ ವಿಧಾನವೂ ಇದೆ.

ದೃಷ್ಟಿ ಇರುವಾಗಲೇ ಕಲಿಯಲು ತೊಡಗಿ. ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ, 'ಇ4 (ಇ ಸಾಲಿನ ನಾಲ್ಕನೆಯ) ಮನೆಯ ಬಣ್ಣ ಯಾವುದು, ಅಲ್ಲಿಂದ ಕುದುರೆ ಎಲ್ಲೆಲ್ಲಿಗೆ ಹೋಗುತ್ತದೆ' ಎಂದು ಉತ್ತರಿಸುವುದು. ಇ4 ಬಿಳಿ; ಕುದುರೆಗೆ ಎಂಟು ಮನೆ. ಇದೇ ಕ್ರಮವನ್ನು ಅಡುಗೆಮನೆಗೂ ತನ್ನಿ: ಪ್ರತಿ ಡಬ್ಬಿಗೆ ಒಂದು ಮನೆ, ಬಳಸಿದ ಮೇಲೆ ಅದೇ ಮನೆಗೆ. ಇದನ್ನು ಮನೆಯ ಉಳಿದವರು ಪಾಲಿಸದಿದ್ದರೆ ಉಪಯೋಗವಿಲ್ಲ, ಆದ್ದರಿಂದ ಈ ಭಾಗವನ್ನು ಅವರಿಗೂ ಓದಿ ಹೇಳಿ.

ಸೊಸೈಟಿಯಲ್ಲಿ ಭಾನುವಾರದ ಚೆಸ್ ಶುರು ಮಾಡುತ್ತಿದ್ದೇವೆ. ಎಂಥ ಮಣೆ ತರಬೇಕು? – ಕಾಂದಿವಲಿ

ಮರದ್ದು ಬೇಡ. ಮುಂಬಯಿ ಮಳೆಗಾಲ ಎರಡು ವರ್ಷದಲ್ಲಿ ಅದನ್ನು ಹಪ್ಪಳ ಮಾಡುತ್ತದೆ. ಸುರುಳಿ ಸುತ್ತುವ ವಿನೈಲ್ ಮಣೆ, ಮನೆಯ ಅಗಲ 5ರಿಂದ 6 ಸೆಂ.ಮೀ., ರಾಜನ ಎತ್ತರ 9.5 ಸೆಂ.ಮೀ. ಸುಮಾರು, ಬುಡದಲ್ಲಿ ತೂಕ ತುಂಬಿದ ಪ್ಲಾಸ್ಟಿಕ್ ಕಾಯಿ, ಇಲ್ಲವಾದರೆ ಫ್ಯಾನಿನ ಗಾಳಿಗೆ ಪದಾತಿಗಳು ಮಲಗುತ್ತವೆ. ಮಣೆಯನ್ನು ಚಿತ್ರ ಹೊರಮುಖವಾಗಿ ಸುತ್ತಿಟ್ಟರೆ ಹಾಸಿದಾಗ ಅಂಚು ಮೇಲೇಳುವುದಿಲ್ಲ. ಪ್ರತಿ ಸೆಟ್ಟಿಗೂ ಹೆಚ್ಚುವರಿ ಮಂತ್ರಿಗಳಿರುವುದನ್ನೇ ಕೇಳಿ ತನ್ನಿ. ಹಾಸುವಾಗ ಬಲಗೈ ಮೂಲೆಯಲ್ಲಿ ಬಿಳಿ ಮನೆ.